ಕ್ಯಾರವಾನ್ ತಗೊಂಡು ಪಡುಬಿದ್ರಿ, ಕಾಪು, ಮಟ್ಟು: ಹಗಲಿಗೆ ಒಳ್ಳೆಯದು, ರಾತ್ರಿಗೆ ಯೋಚನೆ ಮಾಡಿ

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಒಂದು ಹಗಲಿಗೆ ಕ್ಯಾರವಾನ್, ಅಂದರೆ ಒಳಗೇ ಮಂಚ, ಒಲೆ, ಬಾತ್‌ರೂಮ್ ಇರುವ ಗಾಡಿ, ಬಾಡಿಗೆಗೆ ತಗೊಳ್ಳಿ, ದುಡ್ಡು ದಂಡ ಅಲ್ಲ. ಸಮುದ್ರದ ಬದಿಯಲ್ಲೇ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ರಾತ್ರಿಯಿಡೀ ತೆರೆಯ ಸದ್ದು ಕೇಳುತ್ತಾ ಮಲಗಬೇಕು ಅಂತ ಆಸೆ ಇದ್ದರೆ ಬೇಡ, ನಮ್ಮ ಉಡುಪಿ ಕರಾವಳಿ ಕಡೆ ಅದಕ್ಕೆ ತಕ್ಕ ಜಾಗ ಸಿಗುವುದು ಕಷ್ಟ. ಗಾಡಿಗೆ ನಾನು 5ಕ್ಕೆ 4 ಕೊಡುತ್ತೇನೆ. ಬಾಡಿಗೆಗೆ ಕೊಟ್ಟವರಿಗೆ 2. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ನಾನು ಹೇಳುವ ತಕರಾರುಗಳನ್ನು ನೀವು ಯಾರ ಹತ್ತಿರ ಬುಕ್ ಮಾಡಿದರೂ ಕೇಳಿ ನೋಡಬೇಕಾದದ್ದೇ.

ಗಾಡಿ ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ್ದು. ಆರು ಜನ ಕೂರಬಹುದು, ನಾಲ್ಕು ಜನ ಮಲಗಬಹುದು. ಸೋಫಾ ಎಳೆದರೆ ಮಂಚ ಆಗುತ್ತದೆ. ಸಣ್ಣ ಫ್ರಿಜ್, ಇಂಡಕ್ಷನ್ ಒಲೆ, ಸಿಂಕ್, ಎ.ಸಿ., 100 ಲೀಟರಿನ ನೀರಿನ ಟ್ಯಾಂಕ್, ಶವರ್ ಇರುವ ಒಂದು ಬಾತ್‌ರೂಮ್. ಹೊರಗೆ ಬದಿಯಿಂದ ಎಳೆದು ಬಿಡಿಸುವ ನೆರಳಿನ ಬಟ್ಟೆ, ಅದರ ಅಡಿಗೆ ಹಾಕಲು ಮಡಚುವ ಕುರ್ಚಿಗಳು. ಡ್ರೈವರ್ ಸೇರಿ 24 ಗಂಟೆಗೆ 14,000 ರೂಪಾಯಿ, 200 ಕಿಲೋಮೀಟರ್ ದಾಟಿದರೆ ಬೇರೆ ಲೆಕ್ಕ, ಮೇಲಿಂದ 10,000 ಡೆಪಾಸಿಟ್. ರೇಟು ಕೇಳಿದ ಕೂಡಲೇ ನಮ್ಮವರು "ಇಷ್ಟು ದುಡ್ಡಿಗೆ ಮಲ್ಪೆಯಲ್ಲಿ ಎರಡು ಒಳ್ಳೆ ರೂಮ್ ಸಿಗ್ತದೆ" ಅಂದರು. ಸಿಗುತ್ತದೆ, ಸುಳ್ಳಲ್ಲ. ಆದರೆ ಆ ರೂಮು ನಮ್ಮ ಜೊತೆ ಪಡುಬಿದ್ರಿಗೂ ಬರುವುದಿಲ್ಲ, ಕಾಪುವಿಗೂ ಬರುವುದಿಲ್ಲ.

ನನಗೆ ಬೇಕಿದ್ದದ್ದು ಅದೇ. ನಮ್ಮ ಅತ್ತೆಗೆ ಎರಡೂ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಬೀಚಿಗೆ ಹೋಗುವ ಅಂದರೆ "ನೀವು ಹೋಗಿ ಬನ್ನಿ, ನಾನು ಮನೆಯಲ್ಲಿ ಇರ್ತೇನೆ" ಅನ್ನುತ್ತಾರೆ. ಅವರಿಗೆ ಸಮುದ್ರ ಬೇಡ ಅಂತಲ್ಲ, ಬಾತ್‌ರೂಮಿನ ಚಿಂತೆ. ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆಯಿಂದ ನೀರು ಕುಡಿಯದೆ, ಸೆಕೆಯಲ್ಲಿ ತಲೆನೋವು ಬರಿಸಿಕೊಂಡು, ಸಂಜೆ ಯಾವುದಾದರೂ ಹೋಟೆಲ್ ಹುಡುಕಿ, ಚಾ ಬೇಡದಿದ್ದರೂ ಚಾ ಆರ್ಡರ್ ಮಾಡಿ, ಬಾತ್‌ರೂಮ್ ಬಳಸಿ ಬರುವುದು ನಾವೆಲ್ಲ ಮಾಡಿದ್ದೇ ಅಲ್ವಾ? ಈ ಸಲ ಅತ್ತೆ ದಾರಿಯಲ್ಲಿ ಒಂದು ಸೀಯಾಳ ಪೂರ್ತಿ ಕುಡಿದರು. ಅದನ್ನು ನೋಡಿಯೇ 14,000ದಲ್ಲಿ ಅರ್ಧ ವಸೂಲಾಯಿತು ಅನಿಸಿತು ನನಗೆ.

ಮಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟೆವು. ಇಷ್ಟು ಎತ್ತರದ ಗಾಡಿಯನ್ನು ಎಂಟೂವರೆ ನಂತರ ಕೊಟ್ಟಾರ ಚೌಕಿ, ಕೂಳೂರು ದಾಟಿಸುವುದು ತಲೆಬಿಸಿ. ಸುರತ್ಕಲ್ ಬಿಟ್ಟರೆ ಹೆದ್ದಾರಿ ಸಲೀಸು. ಸುರತ್ಕಲ್ ಟೋಲ್ 2022ರಲ್ಲೇ ನಿಂತಿದೆ, ಈಗ ಹೆಜಮಾಡಿಯಲ್ಲಿ ಕೊಟ್ಟರೆ ಆಯಿತು.

ಮೊದಲು ಪಡುಬಿದ್ರಿ ಬ್ಲೂ ಫ್ಲ್ಯಾಗ್ ಬೀಚ್. ಹೆದ್ದಾರಿಯಿಂದ ಒಳಗೆ ಹೋಗುವ ರಸ್ತೆ ಸಪೂರ, ಎರಡೂ ಕಡೆ ಮನೆ, ತೆಂಗು, ಕೆಳಗೆ ಇಳಿದ ಕೇಬಲ್ ವಯರು. ಗಾಡಿಯ ತಲೆ ಮೇಲೆ ಎ.ಸಿ.ಯ ಪೆಟ್ಟಿಗೆ ಬೇರೆ ಇರುತ್ತದೆ. ಒಂದೆರಡು ಕಡೆ ನಮ್ಮ ಮೈದುನ ಕೆಳಗಿಳಿದು, ವಯರು ತಾಗುತ್ತದಾ ಅಂತ ನೋಡುತ್ತಾ ಮುಂದೆ ನಡೆದ. ಒಂದು ಅಂಗಡಿಯ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಗಾಡಿ ನೋಡಿ "ಶೂಟಿಂಗ್ ಉಂಟಾ ಮಾರಾಯ್ರೆ? ಹೀರೋ ಯಾರು?" ಅಂತ ಕೇಳಿದರು. ಇದು ದಿನವಿಡೀ ನಡೆಯಿತು. ನಮ್ಮ ಜನಕ್ಕೆ ಕ್ಯಾರವಾನ್ ಅಂದರೆ ಸಿನೆಮಾದವರದ್ದು. ಕಾಪುವಿನಲ್ಲಂತೂ ಇಬ್ಬರು ಹುಡುಗರು ಬಾಗಿಲ ಹತ್ತಿರ ಮೊಬೈಲ್ ಹಿಡಿದು ಕಾದು ನಿಂತಿದ್ದರು. ಒಳಗಿನಿಂದ ಅತ್ತೆ ಇಳಿದಾಗ ಅವರ ಮುಖ ನೋಡಬೇಕಿತ್ತು.

ಪಡುಬಿದ್ರಿ ಬೀಚ್ ಬಗ್ಗೆ ಗೊತ್ತಿಲ್ಲದವರಿಗೆ: 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ, ಸುರಕ್ಷಿತ ಬೀಚ್ ಅನ್ನುವ ಗುರುತು ಸಿಕ್ಕಿತು, ಅದರಲ್ಲಿ ಕರ್ನಾಟಕದ್ದು ಎರಡು, ಇದು ಮತ್ತು ಹೊನ್ನಾವರದ ಕಾಸರಕೋಡು. ಡೆನ್ಮಾರ್ಕಿನಿಂದ ನಡೆಯುವ ಒಂದು ಸಂಸ್ಥೆ 33 ವಿಷಯ ನೋಡಿ ಇದನ್ನು ಕೊಡುತ್ತದೆ. ನೀರು ಶುದ್ಧ ಇದೆಯಾ, ಲೈಫ್‌ಗಾರ್ಡ್ ಇದ್ದಾರಾ, ಶೌಚಾಲಯ ಸರಿ ಇದೆಯಾ, ಹೀಗೆ. ಆ ಪಟ್ಟಿಯಲ್ಲಿ ಇನ್ನೊಂದು ಮಾತೂ ಇದೆ, ಕ್ಯಾರವಾನ್ ತರುವವರು ಇದನ್ನು ತಿಳಿದುಕೊಂಡೇ ಬರಬೇಕು: ಅನುಮತಿ ಇಲ್ಲದೆ ಬೀಚಿನಲ್ಲಿ ಕ್ಯಾಂಪ್ ಹಾಕುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ಏನನ್ನೂ ಸುರಿಯುವಂತಿಲ್ಲ. ಹಾಗಾಗಿ ನೆರಳಿನ ಬಟ್ಟೆ ಬಿಡಿಸಿ, ಕುರ್ಚಿ ಹಾಕಿ, ಜಾಹೀರಾತಿನ ಫೋಟೋದಲ್ಲಿ ಇರುವ ಹಾಗೆ ನೀರಿನ ಪಕ್ಕ ಕೂರುವುದೆಲ್ಲ ಇಲ್ಲಿ ಆಗುವುದಿಲ್ಲ. ಗಾಡಿ ಪಾರ್ಕಿಂಗ್‌ನಲ್ಲಿ ನಿಲ್ಲಬೇಕು, ನಾವು ನಡೆದು ಹೋಗಬೇಕು. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಆ ಹೊಯಿಗೆ (ಮರಳು) ಅಷ್ಟು ಚೊಕ್ಕ ಉಳಿದಿರುವುದೇ ಗಾಡಿ ಬಿಡದೆ ಇರುವುದರಿಂದ.

ನೀರಿನ ಲೆಕ್ಕ ಇಲ್ಲೇ ಹೇಳುತ್ತೇನೆ. 100 ಲೀಟರ್ ಅಂದರೆ ಕೇಳಲು ಜಾಸ್ತಿ, ಆದರೆ ಅದು ಐದಾರು ಬಕೆಟ್. ಎಲ್ಲರೂ ಸಮುದ್ರಕ್ಕೆ ಇಳಿದು ಬಂದು, ಉಪ್ಪು ಹೋಗುವ ತನಕ ಗಾಡಿಯೊಳಗೆ ಸ್ನಾನ ಮಾಡಿದರೆ ಮಧ್ಯಾಹ್ನಕ್ಕೆ ಮೊದಲೇ ಟ್ಯಾಂಕ್ ಖಾಲಿ. ಪಡುಬಿದ್ರಿಯಲ್ಲಿ ಬೀಚಿನದ್ದೇ ಶವರ್, ಬಟ್ಟೆ ಬದಲಿಸುವ ಕೋಣೆ ಇದೆ. ಮಕ್ಕಳನ್ನು ಅಲ್ಲೇ ತೊಳೆದು ಗಾಡಿ ಹತ್ತಿಸಿದೆವು. ಗಾಡಿಯ ನೀರು ಅತ್ತೆಗೆ ಮತ್ತು ಅಡುಗೆಗೆ ಅಂತ ಇಟ್ಟುಕೊಂಡೆವು. ಇನ್ನೊಂದು ವಿಷಯ, ಸಿಂಕಿನಿಂದ, ಶವರಿನಿಂದ ಹೋದ ನೀರು ಮಾಯ ಆಗುವುದಿಲ್ಲ, ಕೆಳಗೆ ಬೇರೆ ಟ್ಯಾಂಕಿನಲ್ಲಿ ತುಂಬುತ್ತದೆ. ಅದನ್ನು ಎಲ್ಲಿ ಬಿಡುವುದು? ಬಾಡಿಗೆಯವರನ್ನು ಫೋನ್ ಮಾಡಿ ಕೇಳಿದರೆ "ಎಲ್ಲಾದ್ರೂ ಬದಿಯಲ್ಲಿ ಬಿಡಿ ಮೇಡಂ" ಅಂದರು. ಬದಿಯಲ್ಲಿ ಅಂದರೆ ಯಾರದೋ ಬಾವಿಯ ಬದಿಯಲ್ಲಿ. ಕಡಲ ಬದಿಯ ಹೊಯಿಗೆ ಜಾಗದಲ್ಲಿ ಬಾವಿ ಆಳ ಇರುವುದಿಲ್ಲ, ಮೇಲೆ ಸುರಿದ ಸಾಬೂನು ನೀರು ಸೀದಾ ಇಳಿಯುತ್ತದೆ. 2 ಮಾರ್ಕು ಕೊಟ್ಟದ್ದು ಸುಮ್ನೆ ಅಲ್ಲ.

ಕಾಪು ನಮಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲಿ ಗಾಡಿಯ ನಿಜವಾದ ಪ್ರಯೋಜನ ಗೊತ್ತಾಯಿತು. ಮೊದಲು ಮಾರಿಗುಡಿ ದೇವಸ್ಥಾನದಲ್ಲಿ ಕೈಮುಗಿದೆವು, ಅಲ್ಲಿನ ಕೆಂಪು ಕಲ್ಲಿನ ಕೆಲಸ ನೋಡಿ ಮುಗಿಸುವುದಕ್ಕೇ ಅತ್ತೆಗೆ ತುಂಬಾ ಹೊತ್ತು ಬೇಕಾಯಿತು. ಬೀಚಿಗೆ ಬರುವಾಗ ಬಿಸಿಲು ಏರಿತ್ತು. ಪಾರ್ಕಿಂಗ್‌ನಲ್ಲಿ ಡ್ರೈವರ್ ಗಾಡಿಯ ಬಾಗಿಲು ಸಮುದ್ರದ ಕಡೆ ಬರುವ ಹಾಗೆ ತಿರುಗಿಸಿ ನಿಲ್ಲಿಸಿದರು. ಬಾಗಿಲಲ್ಲೇ ಸೀಟಿನ ಮೇಲೆ ಕಾಲು ಚಾಚಿ ಕೂತ ಅತ್ತೆಗೆ ಬಂಡೆ ಕಾಣುತ್ತದೆ, ಅದರ ಮೇಲೆ ಲೈಟ್‌ಹೌಸ್ ಕಾಣುತ್ತದೆ, ತೆರೆ ಬಂದು ಕಲ್ಲಿಗೆ ಬಡಿಯುವುದು ಕಾಣುತ್ತದೆ. 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಅದು, ಇವತ್ತಿಗೂ ಉರಿಯುತ್ತದೆ. ಹತ್ತಲು ಸಾಮಾನ್ಯವಾಗಿ ಸಂಜೆ ಹೊತ್ತು ಬಿಡುತ್ತಾರೆ, ಹಾಗಾಗಿ ಮಕ್ಕಳಿಗೆ ಅದನ್ನು ಇನ್ನೊಂದು ದಿನಕ್ಕೆ ಅಂತ ಒಪ್ಪಿಸಿದೆವು. ಅವರು ಬಂಡೆ ಹತ್ತಿ ಇಳಿದು, ದಣಿದಾಗ ಗಾಡಿಗೆ ಬಂದು ಫ್ರಿಜ್ಜಿನಿಂದ ತಣ್ಣಗಿನ ಮಜ್ಜಿಗೆ ಕುಡಿದು ಮತ್ತೆ ಓಡಿದರು. ಕಾರಿನಲ್ಲಿ ಬಂದಿದ್ದರೆ ಅತ್ತೆ ಅರ್ಧ ಗಂಟೆಯಲ್ಲಿ "ಹೊರಡುವನಾ?" ಅನ್ನುತ್ತಿದ್ದರು. ಇಲ್ಲಿ ನಾವೇ ಹೊರಡುವ ಅಂದರೂ ಅವರು ಏಳಲಿಲ್ಲ. ಭಾನುವಾರ ಸಂಜೆ ಮಾತ್ರ ಇಂಥ ಗಾಡಿ ತಗೊಂಡು ಕಾಪುವಿಗೆ ಹೋಗಬೇಡಿ, ತಿರುಗಿಸಲು ಜಾಗ ಇರುವುದಿಲ್ಲ.

ಈಗ ಊಟದ ವಿಷಯ. ಬಾಡಿಗೆ ಕರಾರಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ನಿಯಮ ಇತ್ತು: ಗಾಡಿಯೊಳಗೆ ಮೀನು ಹುರಿಯಬಾರದು, ವಾಸನೆ ಬಂದರೆ ದಂಡ. ನಿಯಮದ ಕಾರಣ ಅರ್ಥ ಆಗುತ್ತದೆ, ಸೋಫಾದ ಬಟ್ಟೆಗೆ ಹತ್ತಿದ ಬಂಗುಡೆ ವಾಸನೆ ಮುಂದಿನ ಪಾರ್ಟಿ ಬರುವ ತನಕ ಹೋಗುವುದಿಲ್ಲ. ಆದರೂ ಉಡುಪಿ ಕರಾವಳಿಗೆ ಅಂತ ಗಾಡಿ ಕೊಟ್ಟು ಮೀನು ಬೇಡ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಹೊರಗೆ ಹುರಿಯುವ ಅಂದರೆ ಅವರು ಕೊಡುವ ಸಣ್ಣ ಗ್ಯಾಸ್ ಒಲೆ ಕಡಲ ಗಾಳಿಗೆ ನಿಲ್ಲುವುದಿಲ್ಲ. ಮಧ್ಯಾಹ್ನ ಮೇಲೆ ಪಡುವಣ ಗಾಳಿ ಜೋರಾಗಿ ಬೀಸುತ್ತದೆ, ನೆರಳಿನ ಬಟ್ಟೆಯನ್ನೂ ಮಡಚಿ ಇಡಬೇಕು, ಇಲ್ಲದಿದ್ದರೆ ಅದರ ಕಂಬ ಬಗ್ಗುತ್ತದೆ. ನಾವು ಕಾಪುವಿನಿಂದ ಮಟ್ಟು ಕಡೆ ಹೋದವರು ದಾರಿಯಲ್ಲಿ ಗುಳ್ಳ, ಅಂದರೆ ಆ ಊರಿನ ಬದನೆಕಾಯಿ, ತಗೊಂಡೆವು. ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿ.ಐ. ಟ್ಯಾಗ್ (ಆ ಊರಿನದ್ದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ, ಪೇಟೆಯಲ್ಲಿ ಮಟ್ಟುವಿನದ್ದು ಅಂತ ಹೇಳಿ ಬೇರೆ ಊರಿನದ್ದನ್ನು ದಾಟಿಸುವವರೂ ಇದ್ದಾರೆ. ಗದ್ದೆಯ ಹತ್ತಿರವೇ ತಗೊಂಡರೆ ಆ ಅನುಮಾನ ಇಲ್ಲ. ಇಂಡಕ್ಷನ್ ಒಲೆಯಲ್ಲಿ ಅತ್ತೆ ಕೂತಲ್ಲಿಂದಲೇ ಹೇಳಿಕೊಟ್ಟ ಹಾಗೆ ಗುಳ್ಳದ ಬೋಳು ಹುಳಿ ಮಾಡಿದೆ. ಮನೆಯಿಂದ ಕಟ್ಟಿ ತಂದ ನೀರುದೋಸೆ, ಉಪ್ಪಿನಕಾಯಿ. ಮೀನಿನ ಆಸೆ ಹೊತ್ತ ಗಂಡಸರು ರಾತ್ರಿ ಮಲ್ಪೆಯ ಹೋಟೆಲಿನಲ್ಲಿ ಕಾಣೆ ಫ್ರೈ ತಿಂದು ಸಮಾಧಾನ ಮಾಡಿಕೊಂಡರು.

ಮಟ್ಟುವಿನಿಂದ ಪಡುಕರೆ ದಾಟಿ ಮಲ್ಪೆಗೆ ಹೋಗುವ ದಾರಿಯದ್ದೇ ಬೇರೆ ತೂಕ: ಇಡೀ ದಿನ ಒಂದು ಕಡೆ, ಇದೇ ಒಂದು ಕಡೆ. ಎಡಗಡೆ ಸಮುದ್ರ, ಬಲಗಡೆ ಹೊಳೆ, ನಡುವೆ ಒಂದು ರಸ್ತೆ ಮತ್ತು ಮನೆಗಳ ಸಾಲು. ಮರವಂತೆಯಲ್ಲೂ ಸಮುದ್ರ ಮತ್ತು ಸೌಪರ್ಣಿಕಾ ನಡುವೆ ಹೆದ್ದಾರಿ ಹೋಗುತ್ತದೆ, ಆದರೆ ಅಲ್ಲಿ ಲಾರಿಗಳ ಓಟದಲ್ಲಿ ದೊಡ್ಡ ಗಾಡಿ ನಿಧಾನ ಮಾಡುವುದೇ ಅಪಾಯ. ಇಲ್ಲಿ ಸೈಕಲ್ ವೇಗದಲ್ಲಿ ಹೋಗಬಹುದು. ಹೋಗಲೇಬೇಕು, ರಸ್ತೆ ಅಷ್ಟು ಸಪೂರ. ಎದುರಿನಿಂದ ಮೀನಿನ ಟೆಂಪೋ ಬಂದರೆ ಯಾರದಾದರೂ ಅಂಗಳಕ್ಕೆ ಗಾಡಿ ಇಳಿಸಬೇಕು. ಜನ ಬಯ್ಯಲಿಲ್ಲ, ಬದಲಿಗೆ "ಬರ್ಲಿ ಬರ್ಲಿ" ಅಂತ ಕೈ ತೋರಿಸಿ ಸಹಾಯ ಮಾಡಿದರು. ಹೊಯಿಗೆಗೆ ಮಾತ್ರ ಚಕ್ರ ಇಳಿಸಲು ಬಿಡಬೇಡಿ. ಇಷ್ಟು ಭಾರದ ಗಾಡಿ ಹೂತರೆ ಜೆ.ಸಿ.ಬಿ. ಬರಬೇಕು. ನಮ್ಮ ಡ್ರೈವರಿಗೆ ಅದು ಚೆನ್ನಾಗಿ ಗೊತ್ತಿತ್ತು, ಮಗಳು ಎಷ್ಟು ಹಟ ಮಾಡಿದರೂ ಟಾರು ಬಿಟ್ಟು ಇಳಿಸಲಿಲ್ಲ.

ಮಲ್ಪೆ ಬೀಚಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಗಾಡಿ ನಿಲ್ಲಿಸಿ ಬೋಟ್ ಹಿಡಿಯಬೇಕು, ಮಳೆಗಾಲದಲ್ಲಿ ಅದೂ ಇಲ್ಲ. ಕ್ಯಾರವಾನಿಗೆ ದುಡ್ಡು ಕೊಟ್ಟು ಅದನ್ನು ಪಾರ್ಕಿಂಗ್‌ನಲ್ಲಿ ಬಿಟ್ಟು ದ್ವೀಪದಲ್ಲಿ ಅರ್ಧ ದಿನ ಕಳೆಯುವುದು ಲೆಕ್ಕಕ್ಕೆ ಬರುವುದಿಲ್ಲ. ದ್ವೀಪಕ್ಕೆ ಬಸ್ಸಿನಲ್ಲಿ ಬನ್ನಿ ಸಾಕು.

ರಾತ್ರಿಯದ್ದು ಬೇರೆ ಕಥೆ. ಸಾರ್ವಜನಿಕ ಬೀಚಿನಲ್ಲಿ ಕತ್ತಲಾದ ಮೇಲೆ ಗಾಡಿ ನಿಲ್ಲಿಸಿ ಮಲಗಿದರೆ ಯಾರಾದರೂ ಬಂದು ಎಬ್ಬಿಸಿ ಕೇಳುವುದು ಸಹಜ, ಕೇಳಬೇಕಾದದ್ದೇ. ಹಾಗಾಗಿ ಮೊದಲೇ ಕಡಲ ಬದಿಯ ಒಂದು ಹೋಂಸ್ಟೇಯವರನ್ನು ಕೇಳಿ, ಅವರ ಕಂಪೌಂಡಿನಲ್ಲಿ ನಿಲ್ಲಿಸಲು, ಕರೆಂಟ್ ಕೊಡಲು, ಗಾಡಿಯ ಕೊಳೆ ನೀರು ಮತ್ತು ಕಕ್ಕಸಿನ ಪೆಟ್ಟಿಗೆಯನ್ನು ಅವರ ಕಕ್ಕಸು ಪಿಟ್ಟಿಗೆ (ಗುಂಡಿಗೆ) ಖಾಲಿ ಮಾಡಲು 1,500 ರೂಪಾಯಿಗೆ ಮಾತಾಡಿದ್ದೆವು. ಹೋಂಸ್ಟೇಯ ಯಜಮಾನರು ಒಳ್ಳೆಯವರು. ಗಾಡಿ ಒಳಗೆ ಬಂದ ಕೂಡಲೇ "ತೆಂಗಿನ ಬುಡದಲ್ಲಿ ನಿಲ್ಲಿಸ್ಬೇಡಿ, ಕಾಯಿ ಬಿದ್ರೆ ನಿಮ್ಮ ಎ.ಸಿ. ಹೋಗ್ತದೆ" ಅಂದರು. ತೆಂಗು ಇಲ್ಲದ ಜಾಗ ಕರಾವಳಿಯಲ್ಲಿ ಹುಡುಕುವುದು ಹೇಗೆ ಹೇಳಿ. ಕೊನೆಗೆ ದನದ ಹಟ್ಟಿಯ ಪಕ್ಕ ಒಂದು ಮೂಲೆ ಸಿಕ್ಕಿತು. ಸಮುದ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ದನ.

ಎ.ಸಿ. ಬಗ್ಗೆ ಬಾಡಿಗೆಯವರು ಫೋನಿನಲ್ಲಿ "ಬ್ಯಾಟರಿಯಲ್ಲೇ ರಾತ್ರಿಯಿಡೀ ಓಡ್ತದೆ" ಅಂದಿದ್ದರು. ಓಡಲು ಸಾಧ್ಯವೇ ಇಲ್ಲ, ಸಣ್ಣ ಲೆಕ್ಕ ಸಾಕು. ಒಂದು ಟನ್ನಿನ ಎ.ಸಿ. ಗಂಟೆಗೆ ಹೆಚ್ಚುಕಡಿಮೆ 1 ಯೂನಿಟ್ ತಿನ್ನುತ್ತದೆ. 12 ವೋಲ್ಟಿನ, 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದೇ 2.4 ಯೂನಿಟ್, ಅದು ಮಾಮೂಲಿ ಆ್ಯಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಹಾಳಾಗುತ್ತದೆ. ಅಂದರೆ ಒಂದು ಗಂಟೆ ಸ್ವಲ್ಪ ಚಿಲ್ಲರೆ, ಅಷ್ಟೇ. ಫ್ರಿಜ್, ಲೈಟ್, ಫ್ಯಾನಿಗೆ ಬ್ಯಾಟರಿ ಧಾರಾಳ ಸಾಕು. ಎ.ಸಿ.ಗೆ ಹೊರಗಿನ ಕರೆಂಟ್ ಬೇಕೇ ಬೇಕು, ಅದೂ 15 ಆಂಪಿಯರ್ ಪ್ಲಗ್. ಜನರೇಟರ್ ಹಾಕಬಹುದು, ಆದರೆ ಸುತ್ತ ಮೀನುಗಾರರ ಮನೆಗಳು, ಅವರು ನಸುಕಿಗೆ ಮೊದಲೇ ಎದ್ದು ಕಡಲಿಗೆ ಹೋಗುವವರು. ಅವರ ನಿದ್ದೆ ಹಾಳು ಮಾಡಿ ನಾವು ತಂಪಾಗಿ ಮಲಗುವುದು ಸರಿಯಲ್ಲ. ಹೋಂಸ್ಟೇಯ ಪ್ಲಗ್ಗಿನಲ್ಲಿ ಎ.ಸಿ. ಓಡಿತು, ವೋಲ್ಟೇಜ್ ಇಳಿದಾಗ ಎರಡು ಸಲ ಟ್ರಿಪ್ ಆಯಿತು. ಎ.ಸಿ. ನಿಂತ ಕೂಡಲೇ ತಗಡಿನ ಡಬ್ಬಿಯೊಳಗೆ ಸೆಕೆ ಹೇಗೆ ಏರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ. ಕಿಟಕಿ ತೆರೆದರೆ ಸೊಳ್ಳೆ. ಅತ್ತೆ ಮತ್ತು ಮಕ್ಕಳು ಒಳಗೆ ಚೆನ್ನಾಗಿ ಮಲಗಿದರು, ನಾವು ದೊಡ್ಡವರು ಹೋಂಸ್ಟೇಯ ಜಗಲಿಯಲ್ಲಿ ಚಾಪೆ ಹಾಕಿದೆವು. ನಾಲ್ಕು ಜನ ಮಲಗಬಹುದು ಅಂತ ಬರೆದಿರುವ ಗಾಡಿಯಲ್ಲಿ ನಾಲ್ವರು ದೊಡ್ಡವರು ಮಲಗಿದರೆ ಯಾರೂ ಮಗ್ಗುಲು ಬದಲಿಸುವ ಹಾಗಿಲ್ಲ.

ಡ್ರೈವರ್ ಎಲ್ಲಿ ಮಲಗುತ್ತಾರೆ ಅನ್ನುವುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಮುಂದಿನ ಸೀಟಿನಲ್ಲಿ ಕುಳಿತುಕೊಂಡೇ ಅಂತ ಆಮೇಲೆ ಗೊತ್ತಾಯಿತು. ಇಡೀ ದಿನ ಓಡಿಸಿ, ಮತ್ತೆ ಬೆಳಿಗ್ಗೆ ಹೆದ್ದಾರಿಯಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಬೇಕಾದವರು. ಹೋಂಸ್ಟೇಯವರನ್ನು ಕೇಳಿ ಡ್ರೈವರಿಗೂ ಒಂದು ಮಂಚ ಮಾಡಿಸಿದೆವು. ಬುಕ್ ಮಾಡುವಾಗಲೇ ಇದನ್ನು ಕೇಳಿಬಿಡಿ.

ಕೇಳಬೇಕಾದದ್ದು ಇನ್ನೂ ಇದೆ. ಗಾಡಿಯ ಆರ್.ಸಿ.ಯಲ್ಲಿ ಅದು ಕ್ಯಾರವಾನ್ ಅಂತಲೇ ನೋಂದಣಿ ಆಗಿದೆಯಾ ಅಂತ ನೋಡಿ. ಇಂಥ ಗಾಡಿಗಳಿಗೆ ಎ.ಐ.ಎಸ್. 124 ಅಂತ ಒಂದು ಮಾನದಂಡ ಇದೆ. ಹಳೆ ಟೆಂಪೋಗೆ ಗ್ಯಾರೇಜಿನಲ್ಲಿ ಮಂಚ, ಗ್ಯಾಸ್, ವಯರಿಂಗ್ ಕೂರಿಸಿ ಬಾಡಿಗೆಗೆ ಬಿಟ್ಟರೆ, ಒಳಗೆ ಮಲಗುವವರು ನಾವು. ಗಾಡಿಯ ಎತ್ತರ ಎಷ್ಟು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ, ಕೆಲವು ಪಾರ್ಕಿಂಗ್‌ಗಳ ಬಾಗಿಲಲ್ಲಿ ಅಡ್ಡ ಕಬ್ಬಿಣ ಇರುತ್ತದೆ.

ಪಕ್ಕದ ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಯೋಜನೆ ತಂದು, ಮರುವರ್ಷ ವಾಗಮೊನ್‌ನಲ್ಲಿ ಕ್ಯಾರವಾನ್ ಪಾರ್ಕ್ ಶುರು ಮಾಡಿದರು. ಅಂದರೆ ಗಾಡಿ ನಿಲ್ಲಿಸಲು ಗಟ್ಟಿ ನೆಲ, ಕರೆಂಟ್, ನೀರು, ಕೊಳೆ ನೀರು ಬಿಡಲು ಪೈಪು. ನಮ್ಮಲ್ಲಿ ಕಡಲ ಬದಿ ಅಂದರೆ ಜನ ವಾಸ ಮಾಡುವ ಜಾಗ, ಖಾಲಿ ಬಿದ್ದದ್ದಲ್ಲ. ದೊಡ್ಡ ಪಾರ್ಕ್ ಬೇಕಾಗಿಯೂ ಇಲ್ಲ. ಹೆಜಮಾಡಿಯಿಂದ ಮಲ್ಪೆಯವರೆಗೆ ನಾಲ್ಕು ಹೋಂಸ್ಟೇಯವರು ತಲಾ ಎರಡು ಗಾಡಿಗೆ ಮುರಕಲ್ಲಿನ ನೆಲ, ಒಂದು ಪ್ಲಗ್, ಒಂದು ಪಿಟ್ ಮಾಡಿಟ್ಟರೆ ಸಾಕು. ನಾವು ಉಳಿದ ಹೋಂಸ್ಟೇಯ ಯಜಮಾನರು ನಮ್ಮ ಗಾಡಿ ನೋಡಿಯೇ ಆ ಲೆಕ್ಕ ಹಾಕಲು ಶುರು ಮಾಡಿದ್ದರು, ಬೆಳಿಗ್ಗೆ ಚಾ ಕೊಡುವಾಗ ಪೈಪಿನ ಸೈಜು ಎಷ್ಟು ಅಂತ ಡ್ರೈವರನ್ನು ವಿಚಾರಿಸುತ್ತಿದ್ದರು.

ಕೊನೆಗೆ ಡೆಪಾಸಿಟ್. ಗಾಡಿ ಹಿಂದೆ ಕೊಡುವಾಗ ನಾವು ಗುಡಿಸಿ, ಒರೆಸಿ, ಕಸ ತೆಗೆದು ಕೊಟ್ಟೆವು. ಆದರೂ ಹೊಯಿಗೆ ತೆಗೆಯುವ ಖರ್ಚು ಅಂತ 1,200 ಹಿಡಿದರು. ಅವರ ಜಾಹೀರಾತಿನ ಹೆಸರೇ ಬೀಚ್ ಪ್ಯಾಕೇಜ್! ಬೀಚಿನಿಂದ ಹೊಯಿಗೆ ಬಾರದೆ ಕಾಫಿ ಪುಡಿ ಬರುತ್ತದಾ ಅಂತ ನಮ್ಮವರು ಕೇಳಿದರು, ಅದಕ್ಕೆ ಉತ್ತರ ಬರಲಿಲ್ಲ. ಗಾಡಿ ಒಪ್ಪಿಸುವಾಗ ತೆಗೆದ ವಿಡಿಯೋ ಕಳಿಸಿದ ಮೇಲೆ 700 ವಾಪಸ್ ಹಾಕಿದರು. ಬಾಕಿ 500 ಈಗಲೂ "ನಾಳೆ ಮೇಡಂ" ಅನ್ನುತ್ತಿದ್ದಾರೆ.